ಸೆರಗಿನ ಕೆಳಗಿನ ಸೌದಾ

ಸೊಲ್ಲಾಪುರದ ಕಾಲೇಜಿನ ಪತ್ರಿಕೆ ಸೌದಾ ಎಲ್ಲಾ ನಾನೇ ಕುದರಿಸೀನಿ. ಅರ್ಧಾ ಸುಳ್ಳು ಅನ್ಕೋ ಗೆಳತಿ ನೀಲಗಂಗಾ. ಅಲ್ಲಿ ನನ್ನ ಮೊಮ್ಮಗಳು ಸಾರಿಕಾ ಲೈಬ್ರರಿ ನೋಡ್ತಾಳ. ಕಂಪ್ಯೂಟರದಾಗ ಓದೂ ಪತ್ರಿಕೆ ಮಾರಾಂವ ಬಂದಿದ್ದ.

"ಮುಂದ ನಾವು ಚಂದಾ ಬಿಟ್ರೂ ಹಳೀ ವರ್ಷದ ಸಂಚಿಕಿ ಹುಡುಗರಿಗೆ ಉಳೀಬೇಕ್ರಿ" ಅಂದ್ಳು ಸಾರಿಕಾ.

"ಬಿಟ್ರ ಎಲ್ಲಾ ಬಂದ್ ಆಗ್ತಾವ್ರಿ" ಅಂದ ಅವ.

ಅಲ್ಲೇ ಬಾಜೂಕ ಕುಂತ ನನಗ ಜೋಂಪು ಹತ್ತಿತ್ತು. ಕಂಪ್ಯೂಟರದಾಗಿನ ಹಾಳಿ ಎಲ್ಲಾ ಬಿಳೀ ಕುರಿ ಆಗಿ, ನಮ್ಮೂರು ಮೈಂದರ್ಗಿ ಕಡೆ ಮಂಜಿನ್ಯಾಗ ತೇಲಿ ಹೊಂಟಿದ್ವು. ಕುರಿ ಸಂತ್ಯಾಗ ನಮ್ಮ ಯಜಮಾನ್ರು ಟವೆಲ್ ಕೆಳಗ ಬೆರಳು ಹಿಡದು ದರಾ ಹೇಳಿ ಸೌದಾ ಮಾಡತಿದ್ರಲ್ಲ, ಹಂಗ ನಾನೂ ಎಚ್ಚರಾಗಿ ಅವನ ಕೈಮ್ಯಾಲೆ ಸೆರಗು ಹಾಕಿದೆ.

"ಎಷ್ಟು ವರ್ಷದ್ದು ಉಳಸ್ತಿ, ಬೆರಳಾಗ ಹೇಳಪ್ಪಾ."

ಅವ ನಕ್ಕ. ಆಮ್ಯಾಲೆ ಮೆತ್ತಗ ನನ್ನ ಬೆರಳು ಹಿಡದ. ಸಂಜೀಕ ಸೌದಾ ಕುದರಿತಂತ ಸಾರಿಕಾ ಪೇಢೆ ತಂದ್ಳು. ಎಷ್ಟು ಬೆರಳು ಹಿಡದಿರಬೇಕು, ನೀನೇ ಹೇಳು.