ಸಂದು ಚುಕ್ಕಿಯ ಹಂಸ

ಸೀರೆಯ ಅಂಚಿನ ಮೇಲೆ ಬಿಸಿಲು ಬಿದ್ದಿದೆ, ಆ ಬಿಸಿಲಲ್ಲಿ ಹಂಸದ ಕುತ್ತಿಗೆ ಇನ್ನೂ ಕೆಟ್ಟದಾಗಿ ಕಾಣುತ್ತಿದೆ, ಹಲ್ಲುಹಲ್ಲಾಗಿ, ಮುರಿದು ಜೋಡಿಸಿದ ಹಾಗೆ, ಕಣ್ಣಂತೂ ತಲೆಯಿಂದಾಚೆ ಎಲ್ಲೋ ಹೋಗಿ ಕೂತಿದೆ — ಬೆಳಿಗ್ಗೆ ಮಗ್ಗದಿಂದ ಬಂದದ್ದು ಇದೇ, ನೀಲಾಂಬಿಕೆ ತಾನೇ ಮಗ್ಗದ ಮೇಲೆ ಎಳೆ ಎತ್ತುವ ಜಕಾರ್ಡ್ ಯಂತ್ರದ ರಟ್ಟುಗಳಿಗೆ ತೂತು ಹೊಡೆದು ನೇಯಿಸಿದ ಹಂಸ, ಕೊಣನೂರಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ, ಮಾವ, ಸೀರೆ ಅಂಚಿಗೆ ನಮ್ಮವ್ವನ ರಂಗೋಲಿ ಏರಿಸ್ಲಾ, ಮಾವ ಪಂಚಾಕ್ಷರಯ್ಯ ಮೀಸೆಯಲ್ಲೇ ನಕ್ಕು ಹೂಂ ಎಂದಿದ್ದರು, ಈಗ ನಗುತ್ತಿಲ್ಲ, ಇದೇನವ್ವ, ಅಂಸ ಅಂದ್ಬುಟ್ಟು ಗರಗಸ ನೇಯಿಸ್ಬುಟ್ಟೆ, ಹೊತ್ತು ಮುಳುಗೋಗಂಟ ನೋಡ್ತೀನಿ, ಆಮ್ಯಾಕೆ ನಿನ್ ರಟ್ಟೆಲ್ಲ ಬಿಚ್ಚಾಕಿ ಹಳೇ ಪಟ್ಟೆ ಅಂಚೇ ಕಟ್ಟೋದು ಕಣವ್ವ. ಬಿಚ್ಚಲಿ ನೋಡೋಣ. ಬಿಚ್ಚಿದರೆ ಅವ್ವನ ಹಂಸ ಇನ್ನೆಲ್ಲೂ ಇಲ್ಲ, ತವರು ಬಾಗೂರಿನ ಹೊಸ್ತಿಲ ಮುಂದೆ ದಿನಾ ಹುಟ್ಟಿ ದಿನಾ ಕಾಲಿಗೆ ಸಿಕ್ಕಿ ಅಳಿದದ್ದು, ಈಗಿರುವುದು ಇವಳ ಬೆರಳಲ್ಲಿ ಮಾತ್ರ, ಬೆರಳು ಮರೆತರೆ ಮುಗಿಯಿತು.

ಎಲ್ಲಿ ತಪ್ಪಿದೆ — ರಟ್ಟಿಗೇನು ಗೊತ್ತು, ಒಂದು ರಟ್ಟು ಒಂದು ಸಾಲು, ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ, ಅಷ್ಟೇ ಅದರ ಬುದ್ಧಿ, ಮೊದಮೊದಲು ಒಂದೊಂದು ಚುಕ್ಕಿಗೂ ಇದು ಯಾವ ಸಾಲು, ಎಷ್ಟನೇ ಎಳೆ ಎಂದು ಹುಡುಕುತ್ತ, ಕೊಕ್ಕಿಗೊಂದು ರಟ್ಟು ತೆಗೆದು ಕಾಲಿಗೊಂದು ತೆಗೆದು ಸುಸ್ತಾಗಿದ್ದಳು, ಆಮೇಲೆ ತಲೆ ಓಡಿತು, ಚಿತ್ರ ಮರೆತುಬಿಡು, ಸಾಲು ಹಿಡಿ, ಕೆಳಗಿನಿಂದ, ಎಡದಿಂದ, ಬಿಟ್ಟು ಬಿಟ್ಟು ತೂತು, ಬಿಟ್ಟು ತೂತು, ಮುಗಿದ ರಟ್ಟನ್ನು ಮತ್ತೆ ಮುಟ್ಟುವ ಗೋಜೇ ಇಲ್ಲ — ಕೆಲಸ ಸರಸರ ಸಾಗಿತು, ಗರಗಸವೂ ಸರಸರ ಬಂತು. ನೆಲದ ಮೇಲೆ ಮತ್ತೆ ರಂಗೋಲಿ ಪುಡಿಯ ಚುಕ್ಕಿ ಇಡುತ್ತಾಳೆ, ಎರಡನೇ ಸಾಲಿಗೆ ಬೆರಳು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಎರಡು ಚುಕ್ಕಿಗಳ ನಡುವಿನ ಸಂದಿಗೆ, ಅಯ್ಯೋ ಮಂಕೇ, ಸಂದು ಚುಕ್ಕಿ! ಅವ್ವ ಎಂದಾದರೂ ನೆಟ್ಟಗೆ ಒಂದರ ಮೇಲೊಂದು ಇಟ್ಟಿದ್ದಳೇ, ಸಾಲು ಬಿಟ್ಟು ಸಾಲು ಅರ್ಧ ಚುಕ್ಕಿ ಒಳಗಿಂದ ಶುರು, ಇವಳು ಎಲ್ಲವನ್ನೂ ರಟ್ಟಿನ ಅಂಚಿಗೇ ಒತ್ತಿ ಎಣಿಸಿದ್ದಾಳೆ — ಮಗ್ಗದಲ್ಲಿ ಅರ್ಧ ಎಳೆ ಎಲ್ಲಿಂದ ತರುವುದು, ಬೇಡ, ಚುಕ್ಕಿಯಿಂದ ಚುಕ್ಕಿಗೆ ಎರಡೆಳೆ ಅಂತರ ಕೊಡು, ಸಂದಿನ ಸಾಲನ್ನು ಒಂದೆಳೆ ಒಳಕ್ಕೆ ತಳ್ಳು.

ಹೊಸ ರಟ್ಟು, ಉಳಿ, ಸುತ್ತಿಗೆ, ಹೊತ್ತು ಇನ್ನೂ ಇದೆ, ಕಾಲು, ಹೊಟ್ಟೆ, ರೆಕ್ಕೆ, ಕುತ್ತಿಗೆ, ರಟ್ಟುಗಳ ಮೊದಲ ಕಟ್ಟು ಹೊಲಿದು ಮಗ್ಗಕ್ಕೆ ಏರಿಸಿಯಾಗಿದೆ, ಮಗ್ಗದ ಗುಂಡಿಯಲ್ಲಿ ಕೂತು ನೇಯುವ ಗಂಗಯ್ಯ ಕೂಗುತ್ತಾನೆ, ನೀಲವ್ವಾ, ಕುತ್ಗೆ ಸರ್ಯಾಗಿ ಬಂತು ಕಣ್ರವ್ವ, ತಲೆ ಕೊಡಿ. ತಲೆಯ ಸಾಲು, ಬಿಟ್ಟು ಬಿಟ್ಟು ಬಿಟ್ಟು — ಕಣ್ಣು. ಉಳಿ ನಿಂತಿತು. ಕಣ್ಣು ಕೊನೀಗೆ ಕಣ್ ಮಗ, ಎಲ್ಲ ಮುಗುದ್ಮೇಲೆ, ಇಲ್ದಿದ್ರೆ ಅರ್ಧ ಮೈಯಲ್ಲೇ ಎದ್ದು ಆರೋಯ್ತದೆ, ಎನ್ನುತ್ತಿದ್ದಳು ಅವ್ವ ರೇವಮ್ಮ, ತೀರಿಹೋದ ಆ ಬೆಳಿಗ್ಗೆಯೂ ಕಣ್ಣನ್ನು ಕೊನೆಗೆಂದೇ ಉಳಿಸಿಕೊಂಡಿದ್ದಳು, ಬೆರಳಲ್ಲಿ ಪುಡಿ ಹಾಗೇ, ತಲೆ ಹೊಸ್ತಿಲ ಮೇಲೆ, ಜನ ಬಂದು ಎತ್ತಿದಾಗ ಮೈ ತಣ್ಣಗಾಗಿತ್ತು, ಅಂಗಳದ ಹಂಸಕ್ಕೆ ಎಲ್ಲ ಇತ್ತು, ಕಣ್ಣಿರಲಿಲ್ಲ. ರಟ್ಟಿಗೆ ನಿನ್ನ ಕೊನೆ ಗೊತ್ತಿಲ್ಲವ್ವಾ, ಸಾಲಲ್ಲಿ ಬಂದಾಗಲೇ ಇಟ್ಟುಬಿಡಬೇಕು, ಜುಟ್ಟು ಇನ್ನೂ ಬಂದಿಲ್ಲ, ಆದರೂ ಇಡಬೇಕು, ಇಡುತ್ತೇನೆ — ಸುತ್ತಿಗೆ ಬಿತ್ತು, ರಟ್ಟನ್ನು ಕಿಟಕಿಗೆ ಎತ್ತಿ ಹಿಡಿದಳು, ಚಿಕ್ಕ ತೂತು, ತೂತಿನ ತುಂಬ ಬಿಸಿಲು, ಕಣ್ಣು, ಅವ್ವ ಇಡದೆ ಹೋದ ಕಣ್ಣು, ಕಣ್ಣು