ಅತ್ತೆ ಸೀಗಡಿಗೆ ಬಡಿಸಿದ್ದು

ಕಳೆದ ಮೇ ತಿಂಗಳಲ್ಲಿ ನನ್ನ ಷಡ್ಡಕ ತಾತಾಜಿ ಸೀಗಡಿ ಹೊಂಡದ ಏರಿಯ ಮೇಲೆ ಒದ್ದೆ ಚೀಲವೊಂದನ್ನು ತುಳಿದು, ಜಾರಿ, ಕೂತ ಭಂಗಿಯಲ್ಲೇ ನೀರಿನವರೆಗೂ ಹೋಗಿ ಕಾಲು ಮುರಿದುಕೊಂಡ. ಹೆಸರಿಗಷ್ಟೇ ತಾತ, ವಯಸ್ಸು ಮೂವತ್ತೆಂಟು. ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ಆರು ವಾರ ಮಂಚ ಬಿಟ್ಟು ಇಳಿಯಬೇಡಿ ಎಂದರು ಭೀಮವರದ ಡಾಕ್ಟರು.

ಹೊಂಡದಲ್ಲಿ ಮರಿ ಬಿಟ್ಟು ಅಂದಿಗೆ ಐವತ್ತೈದನೇ ದಿನ. ಸೀಗಡಿ ನಡುಬೆರಳಿನಷ್ಟು ಬೆಳೆದು, ತಿನ್ನುವುದನ್ನೇ ಕಸುಬು ಮಾಡಿಕೊಂಡಿರುವ ಹೊತ್ತು. ಮೇವು ಹಾಕುವ ಆಳು ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಹಾಗಾಗಿ ಕಾಕಿನಾಡದಲ್ಲಿ ಬೇಸಿಗೆ ರಜೆ ಕಳೆಯುತ್ತಿದ್ದ ನನಗೆ ಫೋನು ಬಂತು.

"ಮೇಷ್ಟ್ರೇ, ಲೆಕ್ಕ ಹೇಳಿಕೊಡೋರು ನೀವು. ಇದೂ ಲೆಕ್ಕಾನೇ ಕಣಯ್ಯಾ. ದಿನಕ್ಕೆ ನಲವತ್ತು ಕೇಜಿ, ನಾಲ್ಕು ಹೊತ್ತು. ಅಷ್ಟೇ!" ಎಂದ ತಾತಾಜಿ.

ಅಷ್ಟೇ ಆಗಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ನಾನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ದೊಡ್ಡ ಮಗಳಾದ ತಾತಾಜಿಯ ಹೆಂಡತಿಗೆ ಸಹಾಯಕ್ಕೆಂದು ನರಸಾಪುರದಿಂದ ನಮ್ಮ ಅತ್ತೆ ಮಾವುಳ್ಳಮ್ಮನೂ ಬಂದಿಳಿದಿದ್ದರು.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಗೋದಾವರಿ ಸೀಮೆಯಲ್ಲಿ ಬಲವಂತ ಮಾಡಿ ಬಡಿಸದ ಮನೆಯೇ ಇಲ್ಲ. ಆದರೆ ಅತ್ತೆಯ ಬಲವಂತಕ್ಕೆ ಬೇರೆಯದೇ ದರ್ಜೆ. ನಾನು ಹೊಸ ಅಳಿಯನಾಗಿ ಹೋದ ಮೊದಲ ಸಂಕ್ರಾಂತಿಗೆ ಅವರು ಬಡಿಸಿದ್ದನ್ನು ಉಂಡು ಮಲಗಲಾಗದೆ ಗೋಡೆಗೊರಗಿ ನಿದ್ದೆ ಮಾಡಿದ್ದೆ. ಬೇಡವೆಂದು ಕೈ ಅಡ್ಡ ಹಿಡಿದರೆ ಕೈಮೇಲೇ ತುಪ್ಪ ಸುರಿಯುವ ಹೆಂಗಸು. ಎಲೆಯಲ್ಲಿ ಒಂದು ತುತ್ತು ಉಳಿದರೆ ಅವರು ಬೈಯುವುದಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೊದಲ ದಿನ ಬೆಳಿಗ್ಗೆ ನಾನು ಹೊಂಡಕ್ಕೆ ಹೊರಟರೆ ಅವರೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. ಮೇವಿನ ಶೆಡ್ಡಿನ ಬಾಗಿಲು ತೆಗೆದದ್ದೇ ತಡ, ಮೂಗು ಮೇಲೆತ್ತಿದರು.

"ಚಿಕ್ಕಳಿಯಂದ್ರೇ, ಇಲ್ಲೇನೋ ಮುಗ್ಗಲು ಹಿಡಿದಿದೆ."

"ಮೀನಿನ ಪುಡಿ ಹಾಕಿರ್ತಾರೆ ಅತ್ತೆ, ಅದೇ ವಾಸನೆ."

"ಮೀನಿನ ವಾಸನೆ ನಂಗೆ ಹೇಳ್ಕೊಡ್ತೀರಾ? ನಲವತ್ತು ವರ್ಷ ಉಪ್ಪಿನಕಾಯಿ ಹಾಕಿದೀನಿ. ಬೂಷ್ಟು ಎಲ್ಲಿ ಕೂತಿದೆ ಅಂತ ಜಾಡಿ ಮುಚ್ಚಳ ತೆಗೀದೇನೇ ಹೇಳ್ತೀನಿ."

ಹೇಳಿದರು ಕೂಡ. ಗೋಡೆಗೆ ತಾಗಿಸಿ, ಬರೀ ಸಿಮೆಂಟ್ ನೆಲದ ಮೇಲಿಟ್ಟಿದ್ದ ಮೂರು ಚೀಲಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿಚ್ಚಿಸಿದರು. ಒಳಗಿನ ಮೇವಿನ ಗುಳಿಗೆ ಒಂದಕ್ಕೊಂದು ಅಂಟಿ ಮುದ್ದೆಯಾಗಿತ್ತು; ಅಂಚಿಗೆ ಹಸಿರು ಬೂಷ್ಟು. ಆಮೇಲೆ ಎರಡು ಸ್ಟೀಲ್ ಲೋಟದಲ್ಲಿ ನೀರು ತರಿಸಿ, ಒಂದಕ್ಕೆ ಈ ಗುಳಿಗೆ, ಇನ್ನೊಂದಕ್ಕೆ ಒಣ ಹಲಗೆಯ ಮೇಲಿದ್ದ ಚೀಲದ ಗುಳಿಗೆ ಹಾಕಿ ಕಾದರು. ಹತ್ತು ನಿಮಿಷದಲ್ಲಿ ಮೊದಲನೆಯದು ಅಂಬಲಿ. ಎರಡನೆಯದು ಎರಡು ಗಂಟೆಯಾದರೂ ಕಾಳಿನಂತೆ ನಿಂತಿತ್ತು.

ತಾತಾಜಿಗೆ ಫೋನಿನಲ್ಲಿ ಸುದ್ದಿ ಹೇಳಿದೆ. ಆ ಚೀಲಗಳನ್ನು ನೆಲಕ್ಕಿಟ್ಟವನು ಅವನೇ.

"ಬೂಷ್ಟು ಹಿಡಿದದ್ದು ಹಾಕಿದ್ರೆ ಸೀಗಡಿ ಕಾಯಿಲೆ ಬೀಳುತ್ತೆ ಮೇಷ್ಟ್ರೇ. ಅತ್ತೆ ಹೊಂಡ ಉಳಿಸಿದ್ರು. ಇನ್ನು ಮೇವಿನ ವಿಷಯದಲ್ಲಿ ಅವರು ಹೇಳಿದ್ದೇ ಆಗಲಿ."

ಈ ಮಾತು ಆಡಬಾರದಿತ್ತು. ಫೋನು ಸ್ಪೀಕರಿನಲ್ಲಿತ್ತು.

ಮೇವು ಹಾಕುವುದು ಹೀಗೆ: ಥರ್ಮೋಕೋಲಿನ ತೆಪ್ಪದ ಮೇಲೆ ಕೂತು, ಹಗ್ಗ ಹಿಡಿದು ಎಳೆದುಕೊಂಡು ಹೋಗುತ್ತ ಹೊಂಡದ ತುಂಬ ಎರಚಬೇಕು. ನಾಲ್ಕು ಮೂಲೆಯಲ್ಲಿ ಬಲೆ ಹೊದಿಸಿದ ಅಗಲ ತಟ್ಟೆಗಳನ್ನು ನೀರಿಗೆ ಇಳಿಬಿಟ್ಟಿರುತ್ತಾರೆ. ಅವಕ್ಕೂ ಒಂದೊಂದು ಹಿಡಿ ಹಾಕಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಬೇಕು. ತಟ್ಟೆ ಖಾಲಿಯಾಗಿದ್ದರೆ ಮುಂದಿನ ಸಲ ತುಸು ಹೆಚ್ಚು, ಉಳಿದಿದ್ದರೆ ಕಡಿಮೆ. ನೀರಿನಡಿಯ ಪ್ರಾಣಿಯ ಹಸಿವು ತಿಳಿಯಲು ಬೇರೆ ದಾರಿಯಿಲ್ಲ.

ನಾನು ತಕ್ಕಡಿಯಲ್ಲಿ ಹತ್ತು ಕೇಜಿ ತೂಗುವುದನ್ನು ನೋಡಿ ಅತ್ತೆಗೆ ಮೈಯೆಲ್ಲ ಉರಿಯಿತು.

"ತೂಗಿ ಊಟ ಹಾಕ್ತೀರಾ? ನಮ್ಮ ವಂಶದಲ್ಲಿ ಯಾರಾದ್ರೂ ತೂಗಿ ಊಟ ಹಾಕಿದ್ದುಂಟಾ?"

"ಅತ್ತೆ, ಇವು ಸೀಗಡಿ."

"ನಮ್ಮ ಹೊಂಡಕ್ಕೆ ಬಂದಮೇಲೆ ನಮ್ಮ ಮನೆ ನೆಂಟರು."

ಆದರೂ ಆ ಹೊತ್ತು ಹತ್ತೇ ಕೇಜಿ ಹಾಕಿದೆ. ಜೊತೆಗೆ ಅತ್ತೆ ಬೆಲ್ಲ ಕರಗಿಸಿ, ಬೆಳ್ಳುಳ್ಳಿ ಅರೆದು ಗುಳಿಗೆಗೆ ಸವರಿದರು. ಅದನ್ನು ಊರಲ್ಲಿ ಎಷ್ಟೋ ಜನ ಮಾಡುತ್ತಾರೆ, ತೊಂದರೆಯಿಲ್ಲ. ಇಂಗಿನ ಒಗ್ಗರಣೆ ಹಾಕುತ್ತೇನೆ ಎಂದಾಗ ಮಾತ್ರ ತಾತಾಜಿ ಮಂಚದಿಂದಲೇ ಕಿರುಚಿದ್ದು ಫೋನಿಲ್ಲದೆ ಕೇಳಿಸಿತು.

ಎರಡು ಗಂಟೆಯ ಮೇಲೆ ತಟ್ಟೆ ಎತ್ತಿದೆ. ಮೂರನೇ ಒಂದು ಪಾಲು ಹಾಗೇ ಉಳಿದಿತ್ತು. ಬಿಸಿಲು ಜಾಸ್ತಿಯಾದ ದಿನ ಹೀಗಾಗುವುದು ಸಹಜ, ಕಡಿಮೆ ಮಾಡಿದರಾಯಿತು. ಆದರೆ ಪಕ್ಕದಲ್ಲೇ ಅತ್ತೆ ನಿಂತಿದ್ದರು.

"ಬಿಟ್ಟುಬಿಟ್ರಾ?" ಎಂದರು ಸಣ್ಣ ದನಿಯಲ್ಲಿ. "ಬೆಲ್ಲ ಕಮ್ಮಿಯಾಯ್ತೇನೋ. ನನ್ನ ಕೈಯಡುಗೇನ ಇವತ್ತಿನವರೆಗೆ ಯಾರೂ ಬಿಟ್ಟಿರ್ಲಿಲ್ಲ." ಸೆರಗು ಕಣ್ಣಿಗೆ ಹೋಯಿತು.

ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ತಾವು ಉಣ್ಣದವರು ನಮಗಾಗಿ ಅಡುಗೆಮನೆಯ ಕಡೆ ತಿರುಗುವರೇ? ತಾಯಿ ಉಣ್ಣದೆ ಮಗಳೂ ಒಲೆ ಹಚ್ಚಲಿಲ್ಲ. ನಾನೂ ತಾತಾಜಿಯೂ ಉಪ್ಪಿನಕಾಯಿ ನೆಂಚಿಕೊಂಡು ಬ್ರೆಡ್ಡು ತಿಂದೆವು.

ಸಂಜೆ ನಾನೊಬ್ಬನೇ ಮೊದಲು ಹೋಗಿ ತಟ್ಟೆ ಎತ್ತಿದೆ. ಮತ್ತೆ ಉಳಿದಿತ್ತು. ಏರಿಯ ಆ ತುದಿಯಲ್ಲಿ ಅತ್ತೆ ಬರುತ್ತಿರುವುದು ಕಂಡಿತು. ನಾನು ಏನು ಮಾಡಿದೆನೆಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ತಟ್ಟೆಯನ್ನು ನೀರಿಗದ್ದಿ ಚೆನ್ನಾಗಿ ಜಾಲಾಡಿಸಿ ಮೇಲೆತ್ತಿದೆ. ಉಳಿದದ್ದೆಲ್ಲ ಹೊಂಡದ ತಳ ಸೇರಿತು.

"ನೋಡಿ ಅತ್ತೆ! ಒಂದು ಕಾಳೂ ಬಿಟ್ಟಿಲ್ಲ."

ಅವರ ಮುಖ ಹಬ್ಬದ ಮನೆಯಾಯಿತು. ಆ ರಾತ್ರಿ ನಮಗೆ ಹಲಸಿನಕಾಯಿ ಪಲ್ಯ, ಗೋಂಗೂರ ಸೊಪ್ಪಿನ ತೊವ್ವೆ, ಕಜ್ಜಾಯದಂಥ ಬೆಲ್ಲದ ಅರಿಸೆ.

ಅಲ್ಲಿಂದ ಶುರುವಾಯಿತು ಚಕ್ರ. ನಾನು ತಟ್ಟೆ ತೊಳೆಯುವುದು, ಖಾಲಿ ಎಂದು ತಾತಾಜಿಗೆ ವರದಿ ಒಪ್ಪಿಸುವುದು, ಅವನು ಖುಷಿಯಿಂದ, "ನೂರಕ್ಕೆ ಐದು ಜಾಸ್ತಿ ಮಾಡಯ್ಯಾ, ಸೂಪರ್ ಹಸಿವು!" ಎನ್ನುವುದು, ಆ ಐದರ ಮೇಲೆ ಅತ್ತೆ ನನ್ನ ಕಣ್ಣು ತಪ್ಪಿಸಿ ಬೊಗಸೆ ಬೊಗಸೆ ಸುರಿಯುವುದು. ಲೆಕ್ಕದ ಮೇಷ್ಟ್ರಾದ ನನಗೆ ಈ ಏರಿಕೆ ಎಲ್ಲಿಗೆ ಮುಟ್ಟುತ್ತದೆಂದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಎದುರಿಗೆ ಅರಿಸೆಯಿತ್ತು. ಎಂಟನೇ ದಿನಕ್ಕೆ ನಲವತ್ತು ಕೇಜಿ ಎಪ್ಪತ್ತಕ್ಕೆ ಬಂದಿತ್ತು. ನೀರು ದಟ್ಟ ಹಸಿರಾಗಿ, ಗಾಳಿ ಬೀಸಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಪಕ್ಕದ ಹೊಂಡದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೋಡ ಕವಿದಿದ್ದ ಒಂಬತ್ತನೇ ದಿನ ಬೆಳಗ್ಗೆ ನನಗಿಂತ ಮೊದಲು ಹೊಂಡಕ್ಕೆ ಹೋಗಿದ್ದ ಅತ್ತೆ ಓಡೋಡಿ ಬಂದರು. ಕೈಯಲ್ಲಿ ಬುಟ್ಟಿ, ಮುಖದ ತುಂಬ ನಗು.

"ಬನ್ನಿ ಅಳಿಯಂದ್ರೇ, ಬೇಗ ಬನ್ನಿ! ಇನ್ನೂ ಕರೆದೇ ಇಲ್ಲ, ಆಗ್ಲೇ ಎಲ್ರೂ ಪಂಕ್ತಿಗೆ ಬಂದು ಕೂತಿದ್ದಾರೆ!"

ಹೋಗಿ ನೋಡಿದರೆ ನನ್ನ ಜೀವ ಬಾಯಿಗೆ ಬಂತು. ಹೊಂಡದ ಅಂಚಿನುದ್ದಕ್ಕೂ ಸಾವಿರಾರು ಸೀಗಡಿ ಮೀಸೆ ಮೇಲಕ್ಕೆತ್ತಿಕೊಂಡು ತೇಲುತ್ತಿದ್ದವು. ಏರಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಬೆಳ್ಳಕ್ಕಿಗಳಂತೂ ತಿಂದು ತಿಂದು ಹಾರಲಾಗದೆ ನಡೆದಾಡುತ್ತಿದ್ದವು. ಅತ್ತೆ ಬುಟ್ಟಿಗೆ ಕೈ ಹಾಕಿ, "ಇರಿ ಕಂದಾ, ಬಂದೆ, ಬಂದೆ" ಎನ್ನುತ್ತಿದ್ದರು. ನಾನು ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡೆ. ಅತ್ತೆ ಅಳಿಯ ಬುಟ್ಟಿಗಾಗಿ ಎಳೆದಾಡುವುದನ್ನು ರಸ್ತೆಯ ಮೇಲೆ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ.

ನೀರು ಪರೀಕ್ಷೆ ಮಾಡುವ ಲ್ಯಾಬಿನ ಹಸೀನಾಗೆ ಫೋನು ಮಾಡಿದೆ. ಅವಳು ಸ್ಕೂಟಿಯಲ್ಲಿ ಬಂದಳು. ತಾತಾಜಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಟ್ರಾಲಿ ಆಟೋಗೆ ಏರಿಸಿ ಕರೆತಂದರು. ಕಾಲು ಮುಂದಕ್ಕೆ ಚಾಚಿ ಮೆರವಣಿಗೆಯ ದೇವರಂತೆ ಬಂದ.

ಹಸೀನಾ ನೀರಿಗೆ ಮೀಟರ್ ಇಳಿಸಿದಳು. ಒಂದು ಸೀಗಡಿ ಹಿಡಿದು ಬೆನ್ನಿನುದ್ದದ ಕರುಳಿನ ಗೆರೆ ನೋಡಿದಳು. ಮೊಣಕೈವರೆಗೂ ಕೈ ಮುಳುಗಿಸಿ ತಳದ ಕೆಸರು ಬಾಚಿದಳು. ಕಪ್ಪಗಿತ್ತು, ಅದರ ತುಂಬ ಊದಿಕೊಂಡ ಗುಳಿಗೆಗಳು.

"ಇವು ಹಸಿದು ಬಂದಿಲ್ಲಮ್ಮಾ," ಎಂದಳು ಅತ್ತೆಗೆ. "ಹೊಟ್ಟೆ ಬಿರಿಯೋ ಹಾಗೆ ತಿಂದಿವೆ. ಉಳಿದಿದ್ದು ಅಡಿಯಲ್ಲಿ ಕೊಳೆತು ನೀರಿನ ಆಮ್ಲಜನಕ ಎಲ್ಲಾ ಕುಡಿದುಬಿಟ್ಟಿದೆ. ಉಸಿರಾಡೋಕೆ ಆಗದೆ ಮೇಲೆ ಬಂದಿವೆ."

"ಅದ್ಹೇಗೆ?" ಎಂದ ತಾತಾಜಿ. "ಟ್ರೇ ದಿನಾ ಖಾಲಿ ಇತ್ತಲ್ಲ!"

"ಟ್ರೇ ಎತ್ತಿದ್ದು ಯಾರು?"

ಅತ್ತೆ ನನ್ನ ಕಡೆ ನೋಡಿದರು. ತಾತಾಜಿ ನೋಡಿದ. ಟ್ರಾಲಿ ಆಟೋದವನೂ ನೋಡಿದ. ಹಾಲಿನವನು ಇನ್ನೂ ಹೋಗಿರಲಿಲ್ಲ, ಅವನೂ ನೋಡಿದ.

"ತೊಳೀತಿದ್ದೆ," ಎಂದೆ.

"ಏನಂದೆ?"

"ಅತ್ತೆ ಅಳ್ತಾರೆ ಅಂತ... ಟ್ರೇ ತೊಳೆದು ತೋರಿಸ್ತಿದ್ದೆ."

ತಾತಾಜಿ ಎದ್ದು ನನ್ನನ್ನು ಹಿಡಿಯಲು ಹೊರಟ. ಪ್ಲಾಸ್ಟರ್ ಇರುವುದು ನೆನಪಾಗಿ ಮತ್ತೆ ಕೂತ. ಆಟೋ ಅಲ್ಲಾಡಿತು. "ಮೇಷ್ಟ್ರು ಇವ್ರು! ಮಕ್ಕಳು ಕಾಪಿ ಹೊಡೆದ್ರೆ ಬೆಂಚಿನ ಮೇಲೆ ನಿಲ್ಲಿಸ್ತಾರೆ!"

ಹಸೀನಾ ಹೆಚ್ಚು ಮಾತಾಡಲಿಲ್ಲ. ನೀರಿಗೆ ಗಾಳಿ ಬೆರೆಸುವ ಏರೇಟರುಗಳನ್ನೆಲ್ಲ ಒಂದು ಕ್ಷಣವೂ ನಿಲ್ಲಿಸದೆ ಓಡಿಸಿ, ಕಾಲುವೆಯಿಂದ ಹೊಸ ನೀರು ಬಿಟ್ಟು ತಳದ ನೀರು ಹೊರಹಾಕಿ, ಎರಡು ದಿನ ಒಂದು ಗುಳಿಗೆಯೂ ಹಾಕಬೇಡಿ ಎಂದಳು.

"ಎರಡು ದಿನ ಉಪವಾಸಾನಾ?" ಅತ್ತೆ ಎದೆ ಮುಟ್ಟಿಕೊಂಡರು. "ಮಕ್ಕಳು ಕಣಮ್ಮಾ ಅವು!"

"ತಳದಲ್ಲಿ ಬಿದ್ದಿರೋದನ್ನೇ ಹೆಕ್ಕಿ ತಿಂತವೆ ಬಿಡಿ, ಒಳ್ಳೇದೇ."

ಅತ್ತೆ ಏರಿಯ ಮೇಲೆ ಚಾಪೆ ಹಾಸಿಕೊಂಡು ಕೂತುಬಿಟ್ಟರು. ಸೀಗಡಿ ತಿನ್ನುವವರೆಗೆ ತಾವೂ ತಿನ್ನುವುದಿಲ್ಲವಂತೆ. ನಾವೆಲ್ಲ ಎಷ್ಟು ಬೇಡಿಕೊಂಡರೂ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಎರಡು ದಿನ ಕೋಲು ಹಿಡಿದು ಕಾಗೆ ಬೆಳ್ಳಕ್ಕಿಗಳನ್ನು ಓಡಿಸಿದರು. ನನ್ನೊಡನೆ ಮಾತಿಲ್ಲ. ನಾನು ಪಂಪು, ಕಾಲುವೆ, ಏರೇಟರ್ ಎಂದು ಓಡಾಡಿ ಸಣ್ಣಗಾದೆ. ಎರಡನೇ ದಿನ ಸಂಜೆ ಅವರ ಪಕ್ಕದಲ್ಲಿ ಹೋಗಿ ಕೂತೆ.

"ತಪ್ಪಾಯ್ತು ಅತ್ತೆ."

ಅವರು ಕೋಲು ಬೀಸಿ ಒಂದು ಕಾಗೆ ಓಡಿಸಿದರು. "ನಾನು ಅತ್ತರೆ ನಿಮಗೆ ಅಷ್ಟು ಭಯಾನಾ?"

"ಹೌದು."

"ದೊಡ್ಡಳಿಯಂದ್ರಿಗೂ?"

"ತಾತಾಜಿ ಪ್ಲಾಸ್ಟರ್ ಹಾಕಿಸ್ಕೊಂಡಿದ್ದೇ ವಾಸಿ ಅಂತಿದ್ದ. ಹಾಸಿಗೆ ಹಿಡಿದೋರಿಗೆ ಸ್ವಲ್ಪ ಕಮ್ಮಿ ಬಡಿಸ್ತೀರಂತೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಮೈ ಕುಲುಕಿಸುತ್ತ ನಕ್ಕರು. ನನಗೆ ಇಷ್ಟು ದಿನದ ಭಾರ ಇಳಿದಂತಾಯಿತು.

ಮೂರನೇ ದಿನ ಸೀಗಡಿಗಳು ತಳಕ್ಕಿಳಿದವು. ಐದು ಕೇಜಿ ತೂಗಿ ಹಾಕಿದೆವು. ಎರಡು ಗಂಟೆಯ ಮೇಲೆ ನಾನು ತಟ್ಟೆಗೆ ಕೈ ಹಾಕಲು ಹೋದರೆ ಅತ್ತೆ ಕೈ ಮೇಲೊಂದು ಪೆಟ್ಟು ಕೊಟ್ಟರು. ಅವರೇ ಹಲಗೆಯ ಮೇಲೆ ಬೋರಲು ಮಲಗಿ, ನೀರು ತುಳುಕದಂತೆ ಮೆಲ್ಲನೆ ಎತ್ತಿದರು. ಹನ್ನೊಂದು ಗುಳಿಗೆ ಉಳಿದಿದ್ದವು. ನಾವೆಲ್ಲ ಅವರ ಮುಖ ನೋಡಿದೆವು.

"ಸಾಕಂತೆ," ಎಂದರು ಅತ್ತೆ. "ಸಾಕು ಅಂದ್ರೆ ಸಾಕು. ಬಲವಂತ ಯಾಕೆ?"

ಆಮೇಲೆ ನಾಲ್ಕೂ ಹೊತ್ತು ತಟ್ಟೆ ಎತ್ತಿದವರು ಅವರೇ. ಒಂದಿಷ್ಟು ಸೀಗಡಿ ಸತ್ತಿದ್ದವು, ನಿಜ. ಆದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದವು. ಶಾಲೆ ತೆರೆದು ನಾನು ಕಾಕಿನಾಡಕ್ಕೆ ಮರಳಿದರೂ ಕೊಯ್ಲಿನ ದಿನ ಒಂದು ರಜೆ ಹಾಕಿ ಬಂದೆ. ಬಲೆ ಎಳೆಯುವವರು ಬೆಳಕು ಹರಿಯುವ ಮೊದಲೇ ನೀರಿಗಿಳಿದಿದ್ದರು. ತಾತಾಜಿ ಊರುಗೋಲು ಹಿಡಿದು ಕುಂಟುತ್ತ ಎಲ್ಲರಿಗೂ ಅಡ್ಡ ಬರುತ್ತಿದ್ದ. ಐಸು ತುಂಬಿದ ಪೆಟ್ಟಿಗೆಗಳು ಲಾರಿ ಏರತೊಡಗಿದವು. ಅತ್ತೆ ಒಳ್ಳೆಯ ರೇಷ್ಮೆ ಸೀರೆಯುಟ್ಟು ಏರಿಯ ಮೇಲೆ ನಿಂತಿದ್ದರು. ಮನಸ್ಸಿಗೆ ಬೇಜಾರಾಗಿರಬೇಕೆಂದು ಹತ್ತಿರ ಹೋದೆ.

"ಬೇಜಾರಾ ಅತ್ತೆ?"

"ಬೇಜಾರು ಯಾಕೆ? ಹಡಗು ಹತ್ತಿ ಅಮೆರಿಕಾಕ್ಕೆ ಹೋಗ್ತಾರಂತೆ," ಎಂದರು ಲಾರಿಯನ್ನೇ ನೋಡುತ್ತ, ತುಸು ಹೊಟ್ಟೆಕಿಚ್ಚಿನಿಂದ. "ನಾನು ರಾಜಮಂಡ್ರಿಯ ಗೋದಾವರಿ ಸೇತುವೆ ಕೂಡ ದಾಟಿಲ್ಲ."