ಮರದಿಂದ ಇಳಿದವರು

"ಬಾಲ ಉದುರಿದ ವಾನರ ನೀನು, ರಾಮಾ!"

ಮಾತು ಮೈಕಿನಿಂದ ಹೊರಟು, ಕಾಪುವಿನ ಆ ಭಜನಾ ಮಂದಿರದ ಹಿಂದಿನ ಗೋಡೆಗೆ ಬಡಿದು, ತಿರುಗಿ ತನ್ನ ಕಿವಿಗೇ ಬಂದು ಬಿದ್ದಾಗಲಷ್ಟೇ ಅನಂತಪದ್ಮನಾಭನಿಗೆ ತಾನು ಆಡಿದ್ದು ಏನೆಂದು ತಿಳಿದದ್ದು. ಎದುರು ಗೋಡೆಯ ಪಟದಲ್ಲಿ ಪಟ್ಟಾಭಿಷೇಕದ ರಾಮಚಂದ್ರ ಸಪರಿವಾರನಾಗಿ ಕುಳಿತು ಇವನನ್ನೇ ನೋಡುತ್ತಿದ್ದ. ಪಟದ ಕೆಳಗೆ ಚಾಪೆಗಳ ಮೇಲೆ ಕುಳಿತ ಜನರೂ ನೋಡುತ್ತಿದ್ದರು. ಆಟಿ ತಿಂಗಳ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಅಷ್ಟು ಹೊತ್ತು ಯಾರಿಗೂ ಕೇಳಿಸದಿದ್ದ ಆ ಸದ್ದು ಈಗ ಎಲ್ಲರಿಗೂ ಕೇಳಿಸತೊಡಗಿತು.

ತಾಳಮದ್ದಳೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳಬೇಕು, ಅರ್ಥ ಹೇಳುವವರು ಜುಬ್ಬಾ ತೊಟ್ಟು, ಶಾಲು ಹೊದ್ದು, ಕುಳಿತಲ್ಲೇ ರಾಮನೋ ವಾಲಿಯೋ ಆಗಬೇಕು. ಕೈಯಲ್ಲಿ ಬಿಲ್ಲಿಲ್ಲ, ಗದೆಯಿಲ್ಲ, ಇರುವುದೆಲ್ಲ ಬಾಯಿ ಮಾತ್ರ. ಆದ್ದರಿಂದ ಬಾಯಿ ಜಾರಿದರೆ ಹಿಡಿದುಕೊಳ್ಳಲು ಬೇರೆ ಆಧಾರವೂ ಇಲ್ಲ. ಪುರಾಣದ ಪಾತ್ರ ಪುರಾಣದೊಳಗೇ ನಿಂತು ಮಾತನಾಡಬೇಕೆಂಬುದು ಹಿರಿಯರು ಹಾಕಿದ ಗೆರೆ. ಆ ಗೆರೆಯನ್ನು ಇವನು ದಾಟಿದ್ದು ಇದು ಎರಡನೆಯ ಸಲ.

ಎಲ್ಲದಕ್ಕೂ ಕಾರಣ ಒಂದು ದಪ್ಪ ಪುಸ್ತಕ. ಅನಂತಪದ್ಮನಾಭ ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತ. ಆಫೀಸಿನ ಪಕ್ಕದ ಕೋಣೆಯಲ್ಲಿದ್ದ ಮಲೇಶ್ಯಾದ ವಿದ್ಯಾರ್ಥಿಯೊಬ್ಬ ಡಾಕ್ಟರಾಗಿ ಊರಿಗೆ ಮರಳುವಾಗ ಅದನ್ನು ಇವನ ಮೇಜಿನ ಮೇಲೆ ಬಿಟ್ಟುಹೋಗಿದ್ದ. ಗುಹೆಯಿಂದ ಚಂದ್ರನವರೆಗೆ ಮನುಷ್ಯನ ಪೂರ್ತಿ ಕಥೆಯನ್ನು ಒಂದೇ ಸಂಪುಟದಲ್ಲಿ ಹೇಳಿ ಮುಗಿಸುವ ಇಂಗ್ಲಿಷ್ ಪುಸ್ತಕ. ಅದರಲ್ಲಿ ದೊಡ್ಡ ದೊಡ್ಡ ಚಕ್ರವರ್ತಿಗಳು ನಾಲ್ಕು ಸಾಲಿನೊಳಗೆ ಹುಟ್ಟಿ, ದಂಡೆತ್ತಿ, ಸತ್ತೂ ಹೋಗುತ್ತಿದ್ದರು. ಗೋಧಿಗೆ ಮಾತ್ರ ಒಂದು ಅಧ್ಯಾಯವೇ ಇತ್ತು! ಶಾಪವಿಲ್ಲ, ವರವಿಲ್ಲ, ಆದರೂ ಎಂತಹ ಕಥೆ! ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಒಮ್ಮೆ ಓದಿ ಮುಗಿಸಿದವನು ಮತ್ತೆ ಮೊದಲಿನಿಂದ ಶುರು ಮಾಡಿದ್ದ. ಊಟಕ್ಕೆ ಕರೆದರೆ, "ಇದೊಂದು ನಾಗರಿಕತೆ ಮುಗಿಸಿ ಬರ್ತೇನೆ" ಎನ್ನುತ್ತಿದ್ದ. ಸಾರು ಆರಿಹೋಗುತ್ತಿತ್ತು. ಹೆಂಡತಿ ಸುಭಾಷಿಣಿ ಆ ಪುಸ್ತಕಕ್ಕೆ 'ಸವತಿ' ಎಂದು ಹೆಸರಿಟ್ಟಿದ್ದಳು.

ಓದಿದ್ದು ಹೊಟ್ಟೆಯಲ್ಲೇ ಉಳಿಯಬೇಕಲ್ಲ. ಕಳೆದ ವರ್ಷ ಪಡುಬಿದ್ರಿಯಲ್ಲಿ ಕರ್ಣನಾಗಿ ಕುಳಿತಿದ್ದಾಗ ಇವನು ಆಯುಧಗಳ ಮಹಿಮೆ ಹೇಳುತ್ತ ಹೇಳುತ್ತ, ಕಬ್ಬಿಣವನ್ನು ಪಳಗಿಸಿದ ಹಿಟ್ಟೈಟರೆಂಬ ಜನರ ಸುದ್ದಿ ತೆಗೆದುಬಿಟ್ಟ. ಎದುರಿಗಿದ್ದ ಶಲ್ಯ ಬಿಡುತ್ತಾನೆಯೆ? "ಯಾವ ದೇಶದ ಅರಸರಯ್ಯಾ ಅವರು, ಕರ್ಣಾ? ದ್ರೌಪದಿಯ ಸ್ವಯಂವರಕ್ಕೆ ಬಂದ ನೆನಪಿಲ್ಲವಲ್ಲ!" ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಇವನನ್ನು "ಎಂತ ಹಿಟ್ಟೈಟರೇ, ಸೌಖ್ಯವಾ?" ಎಂದು ಮಾತನಾಡಿಸತೊಡಗಿದರು. ತಾಳಮದ್ದಳೆ ಸಂಘದ ಕಾರ್ಯದರ್ಶಿ ಶೀನ ಶೆಟ್ಟರಿಗೆ ಮಾತ್ರ ನಗು ಬರಲಿಲ್ಲ. ಒಂದು ವರ್ಷ ಇವನನ್ನು ಯಾವ ಕೂಟಕ್ಕೂ ಕರೆಯಲಿಲ್ಲ.

ಈ ಸಲ ಕರೆದದ್ದು ಮಾವನ ಮುಖ ನೋಡಿ. ಯಜ್ಞನಾರಾಯಣ ಉಪಾಧ್ಯರೆಂದರೆ ಪಡುಬಿದ್ರಿಯಿಂದ ಕಾರ್ಕಳದವರೆಗೆ ಹೆಸರಿದ್ದ ಅರ್ಥಧಾರಿ. ಅನಂತಪದ್ಮನಾಭನಿಗೆ ಅವರು ಮೊದಲು ಗುರು, ಆಮೇಲೆ ಮಾವ. ಮೀಸೆ ಮೂಡುವ ಮೊದಲೇ ಮನೆಯ ಜಗಲಿಯಲ್ಲಿ ಕೂರಿಸಿ ಅರ್ಥ ಹೇಳಲು ಕಲಿಸಿದವರು, ಕಲಿತದ್ದು ಮೆಚ್ಚಿಗೆಯಾಗಿ ಮಗಳನ್ನೂ ಕೊಟ್ಟವರು. "ಅವನಿಗೆ ವಾಲಿ ಕೊಡಿ, ರಾಮನಾಗಿ ನಾನು ಕೂತುಕೊಳ್ತೇನೆ. ಏನಾದರೂ ಎಡವಟ್ಟಾದರೆ ಅವನ ಹಾಗೆ ನಾನೂ ಇನ್ನು ಯಾವ ಕೂಟಕ್ಕೂ ಕೂರುವುದಿಲ್ಲ, ಆಯ್ತಲ್ಲ?" ಎಂದು ಶೆಟ್ಟರಿಗೆ ಮಾತು ಕೊಟ್ಟಿದ್ದರು. ಅಳಿಯನಿಗೆ ಹೇಳಿದ್ದು ಇಷ್ಟೇ: "ಪುಸ್ತಕ ಮನೆಯಲ್ಲಿರಲಿ. ಬಾಯಿಗೆ ಬರುವುದು ಬೇಡ."

ಬರಬಾರದೆಂದೇ ಅವನು ಹಟ ಹಿಡಿದು ಕುಳಿತಿದ್ದ. ಬಾಣ ತಾಗಿ ಬಿದ್ದ ವಾಲಿಯ ಮಾತನ್ನು ಕಲಿತ ದಾರಿಯಲ್ಲೇ ನಡೆಸಿದ್ದ. ನಾನು ಕಾಡಿನವನು, ನೀನು ನಾಡಿನವನು. ನಿನ್ನ ಅಯೋಧ್ಯೆಯ ಕಟ್ಟಳೆ ನನ್ನ ಕೊಂಬೆಗೆ ಹತ್ತುವುದಿಲ್ಲ. ನನ್ನನ್ನು ದಂಡಿಸಲು ನೀನು ಯಾರು? ಜನ ತಲೆದೂಗುತ್ತಿದ್ದರು. ಹೆಂಗಸರ ಸಾಲಿನಲ್ಲಿ ಸುಭಾಷಿಣಿ ನೆಟ್ಟಗೆ ಕುಳಿತಿದ್ದಳು. ಆದರೆ ಉಪಾಧ್ಯರು ಕುಳಿತಲ್ಲಿ ಅಳಿಯನೂ ಇಲ್ಲ, ಶಿಷ್ಯನೂ ಇಲ್ಲ. "ನೀನೇ ಮೃಗವೆಂದ ಮೇಲೆ ಮುಗಿಯಿತಲ್ಲ. ಮೃಗವನ್ನು ಮರದ ಮರೆಯಲ್ಲಿ ನಿಂತು ಹೊಡೆಯುವುದು ಬೇಟೆಯ ಕ್ರಮ. ಮನುಷ್ಯನಿಗೆ ಕೊಡುವ ಮರ್ಯಾದೆಯನ್ನು ಮೃಗ ಕೇಳಬಾರದು" ಎಂದು ಅವರು ತುಟಿಯ ಮೂಲೆಯಲ್ಲಿ ನಕ್ಕರು. ಆ ನಗು ನಾಟಿತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಆಗುವುದೇ ಹೀಗೆ. ಆ ಮರ, ಆ ಮೃಗ, ಆ ಮನುಷ್ಯ, ಮೂರೂ ಸೇರಿ ಪುಸ್ತಕದ ಮೊದಲ ಅಧ್ಯಾಯವೇ ಅವನ ನಾಲಗೆಗೆ ಬಂದು ಕುಳಿತಿತು.

"ಮರವೆಂದೆಯಲ್ಲ, ಆ ಮರದ ಕಥೆ ಕೇಳು! ಲಕ್ಷ ಲಕ್ಷ ವರ್ಷಗಳ ಹಿಂದೆ ನಮ್ಮವನೊಬ್ಬ ಕೊಂಬೆ ಬಿಟ್ಟು ಇಳಿದು ಎರಡು ಕಾಲಿನ ಮೇಲೆ ನಿಂತ. ಅವನ ಸಂತತಿಯೇ ನಿನ್ನ ಮನುಷ್ಯಕುಲ. ಬಾಲ ಉದುರಿದ ವಾನರ ನೀನು, ರಾಮಾ!"

ಅಲ್ಲಿಗೆ ಬಂದು ನಿಂತಿತ್ತು ಕಥೆ.

ಯಾರೋ ಹಿಂದಿನಿಂದ "ಛೆ" ಎಂದರು. ಕಂಬಕ್ಕೊರಗಿದ್ದ ಶೀನ ಶೆಟ್ಟರು ನೆಟ್ಟಗಾದರು. ಭಾಗವತ ಕೃಷ್ಣರಾಜರ ಕೈ ಜಾಗಟೆಯ ಕೋಲಿಗೆ ಹೋಯಿತು. ಮಾತು ಕೆಟ್ಟಾಗ ಭಾಗವತರು ಮುಂದಿನ ಪದ ಎತ್ತಿಬಿಡುವುದು ವಾಡಿಕೆ. ಜಾಗಟೆ ಬಿದ್ದರೆ ಅರ್ಥ ಹೇಳುವವನು ಬಾಯಿ ಮುಚ್ಚಬೇಕು. ಅದು ಸಭೆಯ ಎದುರು ಕಪಾಳಕ್ಕೆ ಬಿಗಿದ ಹಾಗೆಯೇ. ಅನಂತಪದ್ಮನಾಭನಿಗೆ ತನ್ನ ಮಾನದ ಚಿಂತೆ ಅಷ್ಟಿರಲಿಲ್ಲ. ಹೇಗೂ ಹಿಟ್ಟೈಟ ಆಗಿಹೋಗಿದ್ದಾನೆ. ಆದರೆ ನಲವತ್ತು ವರ್ಷ ಅರ್ಥ ಹೇಳಿದ ಮಾವ ತನ್ನ ದೆಸೆಯಿಂದ ಇನ್ನು ಕೂರುವುದಿಲ್ಲವಲ್ಲ ಎಂಬುದೇ ಅವನ ಚಿಂತೆ. ಸುಭಾಷಿಣಿಯ ಕಡೆ ನೋಡುವ ಧೈರ್ಯವೇ ಆಗಲಿಲ್ಲ.

ಜಾಗಟೆ ಬೀಳಲಿಲ್ಲ. ಉಪಾಧ್ಯರು ಭಾಗವತರ ಕಡೆ ತಿರುಗದೆಯೇ ಒಂದು ಬೆರಳೆತ್ತಿದ್ದರು. ಶಾಲನ್ನು ನಿಧಾನವಾಗಿ ಸರಿಮಾಡಿಕೊಂಡು, ಮೈಕನ್ನು ಹತ್ತಿರ ಎಳೆದುಕೊಂಡರು.

"ವಾಲೀ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟು ಹೊತ್ತು ನೀನು ಏನು ಹೇಳುತ್ತಿದ್ದೆ? ನೀನು ಬೇರೆ, ನಾನು ಬೇರೆ; ನಿನ್ನ ಧರ್ಮ ನನಗೆ ಸಲ್ಲದು ಎಂದೆ. ನಿಜ ಹೇಳುತ್ತೇನೆ, ಆ ಮಾತಿಗೆ ಉತ್ತರ ಕೊಡುವುದು ಈ ರಾಮನಿಗೂ ಸುಲಭವಿರಲಿಲ್ಲ. ಈಗ ನಿನ್ನ ಬಾಯಿಂದಲೇ ಬಂತು, ನಾವಿಬ್ಬರೂ ಒಂದೇ ಮರದವರು ಎಂದು. ಒಪ್ಪಿದೆ! ನಿನ್ನ ತಮ್ಮ ಸುಗ್ರೀವ ಯಾರ ಮಗ? ಸೂರ್ಯನ ಮಗ. ನಾನು ಯಾವ ವಂಶದವನು? ಸೂರ್ಯವಂಶದವನು. ನಂಟು ಮೊದಲೇ ಇತ್ತು, ನೀನು ಇಂದು ಬಾಯಿಬಿಟ್ಟು ಹೇಳಿದೆ, ಅಷ್ಟೆ. ಇಳಿದವನು ನಾನು, ಮೇಲೆಯೇ ಉಳಿದವನು ನೀನು. ಆದರೆ ಮನೆ ಒಂದೇ. ಒಂದೇ ಮನೆಯೆಂದ ಮೇಲೆ ಮನೆಯ ಕಟ್ಟಳೆ ನಿನಗೂ ಬೇಕಲ್ಲ? ಹೇಳು, ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಅಣ್ಣನಿಗೆ ಏನಾಗಬೇಕು?"

ಅನಂತಪದ್ಮನಾಭ ಬಾಯಿ ತೆರೆದ. ಹೇಳಲು ಇದ್ದದ್ದು ಒಂದೇ ಮಾತು.

"ಮಗಳಾಗಬೇಕು."

"ಆ ಮಗಳನ್ನು ನೀನು ಏನು ಮಾಡಿದೆ, ವಾಲೀ?"

ವಾಲಿ ತಲೆ ತಗ್ಗಿಸಿದ. ನಟನೆಯೇನೂ ಬೇಕಾಗಲಿಲ್ಲ, ತಲೆ ತಾನಾಗಿಯೇ ತಗ್ಗಿತು. ಆದರೂ ಒಳಗಿನ ಅರ್ಥಧಾರಿ ಸತ್ತಿರಲಿಲ್ಲ. ಕೊನೆಯದೊಂದು ಪ್ರಶ್ನೆ ಕೇಳಿಯೇ ಕೇಳಿದ: "ಮನೆಯವನೇ ಆದರೆ, ಮನೆಯವನನ್ನು ಮರೆಯಲ್ಲಿ ನಿಂತು ಹೊಡೆಯುವುದು ಯಾವ ನ್ಯಾಯ?"

ಉಪಾಧ್ಯರ ಕಣ್ಣು ಮಿನುಗಿತು. ಇದಕ್ಕಾಗಿಯೇ ಕಾದಿದ್ದರೋ ಏನೋ. "ಮರೆಯೆ? ಆ ಮರ ನಮ್ಮಿಬ್ಬರ ಮೂಲದ ಮನೆ ಎಂದವನು ನೀನಲ್ಲವೆ? ನಾನು ಮರೆಯಲ್ಲಿ ನಿಂತವನಲ್ಲ, ವಾಲೀ. ನನ್ನ ಹಳೆಯ ಮನೆಯ ಬಾಗಿಲಲ್ಲಿ ನಿಂತವನು."

ಮೊದಲು ಚಪ್ಪಾಳೆ ಹೊಡೆದದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಇಗರ್ಜಿ ಶಾಲೆಯ ಲೂಯಿಸ್ ಮಾಸ್ಟ್ರು. ಆಮೇಲೆ ಇಡೀ ಮಂದಿರವೇ ಹೊಡೆಯಿತು. ಮಳೆಯ ಸದ್ದು ಎತ್ತಲೋ ಹೋಯಿತು. ಮದ್ದಳೆಯವನೂ ತಡೆಯಲಾರದೆ ಎರಡು ಪೆಟ್ಟು ಹಾಕಿಬಿಟ್ಟ. ಅನಂತಪದ್ಮನಾಭನ ಎದೆಯ ಮೇಲಿದ್ದ ಕಲ್ಲು ಇಳಿಯಿತು. "ಸ್ವಾಮೀ, ಮನೆಗೆ ಬಂದ ಹಾಗಾಯಿತು, ಇನ್ನು ಸಾಯುತ್ತೇನೆ" ಎಂದು ಅವನು ಕೈಮುಗಿದಾಗ ದನಿ ನಡುಗಿತು, ಕಣ್ಣಲ್ಲಿ ನೀರು ಬಂತು. ಎಂತಹ ಭಾವ, ಎಂತಹ ಭಕ್ತಿ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಪಾಪ, ಅವರಿಗೇನು ಗೊತ್ತು? ಅಷ್ಟು ನೆಮ್ಮದಿಯಿಂದ ಸತ್ತ ವಾಲಿ ಆ ಸೀಮೆಯಲ್ಲಿ ಹಿಂದೆಂದೂ ಇದ್ದಿರಲಾರ.

ಮಂಗಳವಾದ ಮೇಲೆ ಅವಲಕ್ಕಿ, ಚಾ ಬಂತು. ಲೂಯಿಸ್ ಮಾಸ್ಟ್ರು ಲೋಟ ಹಿಡಿದುಕೊಂಡೇ ಹತ್ತಿರ ಬಂದರು. "ಉಪಾಧ್ಯರೇ, ನಿಮ್ಮ ರಾಮನೇನೋ ಬಚಾವಾದ. ನಮ್ಮ ಆದಾಮನ ಗತಿ ಎಂತ ಈಗ?"

"ಅವನು ಮರದ ಹಣ್ಣು ತಿಂದವನೇ ಅಲ್ವಾ ಮಾಸ್ಟ್ರೇ? ನಮ್ಮ ಕಡೆಯವನೇ, ಹೆದರಬೇಡಿ" ಎಂದರು ಉಪಾಧ್ಯರು. ಮಾಸ್ಟ್ರು ನಗುವಾಗ ಚಾ ಅಂಗಿಗೆ ಚೆಲ್ಲಿತು.

ಶೀನ ಶೆಟ್ಟರು ಮಾತ್ರ ಗಂಭೀರವಾಗಿಯೇ ಬಂದು ಅನಂತಪದ್ಮನಾಭನ ಎದುರು ನಿಂತರು. ಇವನು ಅವಲಕ್ಕಿಯ ಎಲೆ ಕೆಳಗಿಟ್ಟು ಎದ್ದುನಿಂತ.

"ಬರುವ ತಿಂಗಳು ಕಾರ್ಕಳದಲ್ಲಿ ಕೂಟ ಉಂಟು. ಭೀಷ್ಮ ಹೇಳ್ತೀರಾ?"

"ನಾನಾ?"

"ಮತ್ತೆ ಯಾರು, ಹಿಟ್ಟೈಟರಾ?" ಎಂದ ಶೆಟ್ಟರಿಗೆ ಕೊನೆಗೂ ನಗು ಬಂತು. "ಅವರನ್ನು ಮಾತ್ರ ಮನೆಯಲ್ಲಿ ಬಿಟ್ಟು ಬನ್ನಿ ಮಾರಾಯ್ರೆ."

ಉಡುಪಿಗೆ ಹೋಗುವ ಬಸ್ಸು ಸಿಕ್ಕಿದಾಗ ಇನ್ನೂ ಬೆಳಕಿತ್ತು. ಅವರ ಮನೆಗಳಿರುವುದು ನಡುವಿನ ಉದ್ಯಾವರದಲ್ಲಿ, ಒಂದೇ ಓಣಿಯ ಆಚೆ ಈಚೆ. ಮಾವ ಅಳಿಯ ಒಂದು ಸೀಟಿನಲ್ಲಿ ಕುಳಿತರು. ಸುಭಾಷಿಣಿ ಮುಂದಿನ ಸೀಟಿನಲ್ಲಿ ಒದ್ದೆ ಕೊಡೆಯನ್ನು ಕಾಲ ಬಳಿ ಇಟ್ಟುಕೊಂಡು ಕುಳಿತಳು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಅನಂತಪದ್ಮನಾಭ ಕಾದ.

"ನನ್ನ ಅಂಗೈ ಹೇಗೆ ಬೆವರಿತ್ತು ಗೊತ್ತುಂಟಾ ನಿನಗೆ?" ಎಂದರು ಉಪಾಧ್ಯರು.

"ತಪ್ಪಾಯ್ತು ಮಾವ."

"ಶಾಲು ಸರಿಮಾಡಿದ್ದು ಎಂತಕ್ಕೆ ಅಂತ ತಿಳಿದೆ? ಅಷ್ಟು ಹೊತ್ತು ನನಗೆ ಏನೂ ಹೊಳೆದಿರಲಿಲ್ಲ. ಸುಗ್ರೀವ ಸೂರ್ಯನ ಮಗ ಅಂತ ಆ ಕ್ಷಣಕ್ಕೆ ನೆನಪಾಗದಿದ್ದರೆ ನಾವಿಬ್ಬರೂ ನಾಳೆಯಿಂದ ಮನೆಯಲ್ಲಿ ಬತ್ತಿ ಹೊಸೆಯಬೇಕಿತ್ತು." ಕಿಟಕಿಯ ಪರದೆ ಎತ್ತಿ ಹೊರಗೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಲ್ಲ ಮಾರಾಯ, ಅವನು ಮರದಿಂದ ಇಳಿದದ್ದು ಯಾಕೆ?"

ತಮಾಷೆಯೋ ಏನೋ ಎಂದು ಅನಂತಪದ್ಮನಾಭ ಮಾವನ ಮುಖ ನೋಡಿದ. ತಮಾಷೆಯಾಗಿರಲಿಲ್ಲ.

"ಆ ದೇಶದಲ್ಲಿ ಮಳೆ ಕಡಿಮೆಯಾಗಿ ಕಾಡು ತೆಳುವಾಯ್ತಂತೆ ಮಾವ. ಮರದಿಂದ ಮರಕ್ಕೆ ದೂರ ಆಯ್ತು. ನಡೆಯದೆ ದಾರಿ ಇರಲಿಲ್ಲ."

ಉಪಾಧ್ಯರು ಮತ್ತೊಮ್ಮೆ ಹೊರಗೆ, ಧೋ ಎಂದು ಸುರಿಯುವ ಮಳೆಯತ್ತ ನೋಡಿದರು. "ನಮ್ಮ ಊರಾಗಿದ್ದರೆ ಇಳಿಯುತ್ತಲೇ ಇರಲಿಲ್ಲ, ಅಲ್ವಾ? ಹ್ಞೂಂ. ಇಳಿದ. ಮತ್ತೆ?"

ಅನಂತಪದ್ಮನಾಭ ಹೇಳತೊಡಗಿದ. ಎದುರಾಳಿಗೆ ಉಸಿರು ತಿರುಗಿಸಲೂ ಬಿಡದ ಆ ಮನುಷ್ಯ ಕೈ ಕಟ್ಟಿಕೊಂಡು ಸುಮ್ಮನೆ ಕೇಳಿದರು. ಕೈ ಬಿಡುವಾಗಿ ಕಲ್ಲು ಹಿಡಿದದ್ದು, ಸಿಡಿಲು ಬಡಿದ ಮರದಿಂದ ಬೆಂಕಿ ತಂದು ಆರದಂತೆ ಕಾದದ್ದು. "ನಮ್ಮ ಅಗ್ನಿಹೋತ್ರ" ಎಂದರು ಉಪಾಧ್ಯರು ಮೆಲ್ಲಗೆ. ಸತ್ತವರನ್ನು ಹೂ ಹಾಕಿ ಹೂತದ್ದು ಹೇಳಿದಾಗ ತಲೆಯಲ್ಲಾಡಿಸಿದರು. ಕಟಪಾಡಿ ಬಂತು, ಹೋಯಿತು. ಹಿಮ ಕರಗಿತು. ಯಾವಳೋ ಒಬ್ಬ ಹೆಂಗಸು ಕಾಳನ್ನು ತಿನ್ನದೆ ಮಣ್ಣಿಗೆ ಹಾಕಿ ಮೊಳಕೆಗಾಗಿ ಕಾದಳು. ಸವತಿಯ ಕಥೆಗೆ ಕಿವಿಗೊಡದ ಸುಭಾಷಿಣಿಯೂ ಯಾವಾಗಲೋ ಅರ್ಧ ಹಿಂದಕ್ಕೆ ತಿರುಗಿ ಕುಳಿತಿದ್ದಳು.

"ಉದ್ಯಾವರ, ಉದ್ಯಾವರ!" ಎಂದು ಕಂಡಕ್ಟರ್ ಬಾಗಿಲಿಗೆ ಬಡಿದ.

ಸುಭಾಷಿಣಿ ಕೊಡೆ ಎತ್ತಿಕೊಂಡು ಎದ್ದಳು. "ಅಪ್ಪಾ, ಇಳಿಯಬೇಕು."

ಉಪಾಧ್ಯರು ಏಳಲಿಲ್ಲ. ಭಾಗವತರಿಗೆ ಎತ್ತಿದ ಹಾಗೆಯೇ ಒಂದು ಬೆರಳೆತ್ತಿದರು.

"ಕೂತುಕೊ ಮಾರಾಯ್ತಿ. ಈಗಷ್ಟೇ ಬಿತ್ತಿದ್ದಾರೆ, ಕೊಯ್ಲಾಗಲಿ."

ಸುಭಾಷಿಣಿ ಒಮ್ಮೆ ಅಪ್ಪನನ್ನು, ಒಮ್ಮೆ ಗಂಡನನ್ನು ನೋಡಿದಳು. ಕಂಡಕ್ಟರ್ ಸೀಟಿ ಊದಿದ. ಅವಳು ಮತ್ತೆ ಕುಳಿತು, ಒದ್ದೆ ಕೊಡೆಯನ್ನು ಕಾಲ ಬಳಿ ಒರಗಿಸಿದಳು. ಕಿಟಕಿಯಾಚೆ ಅವರ ಓಣಿಯ ಬಾಯಿ ಬಂದು, ಮಳೆಯಲ್ಲಿ ಹಿಂದಕ್ಕೆ ಸರಿಯಿತು.